ಕೇಳುವ ಕಸುಬು

ರೂಮಿನ ಬಾಡಿಗೆ ಮಾತಾಡಿದ ದಿನ ಕೆಳಗಿನ ಜೆರಾಕ್ಸ್ ಅಂಗಡಿಯ ಹುಡುಗ ಕೇಳಿದ: “ಬೋರ್ಡಲ್ಲಿ ಏನಂತ ಬರೆಸ್ಲಿ ಸಾರ್?”

“ಬಿಸಿನೆಸ್ ಕೋಚ್ ಅಂತ ಬರೆಸಪ್ಪ.”

“ಯಾವ ಸಬ್ಜೆಕ್ಟು ಸಾರ್? ನೀಟಾ, ಕೆಎಎಸ್ಸಾ?”

ತಪ್ಪು ಅವನದಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ನಿಂತು ಕೋಚಿಂಗ್ ಅಂದರೆ ಯಾರಿಗಾದರೂ ನೆನಪಾಗುವುದು ಟ್ಯೂಷನ್ನೇ. ನನ್ನ ವಯಸ್ಸಿನವರಿಗೆ ಇನ್ನೊಂದೂ ನೆನಪಾಗಬಹುದು, ಹಿಂದೆ ಕೋಲಾರದ ಕಡೆಗೆ ಕುಲುಕಾಡಿಕೊಂಡು ಹೋಗುತ್ತಿದ್ದ ನ್ಯಾರೋಗೇಜ್ ರೈಲಿನ ಬೋಗಿ. ಎಲ್ಲಕ್ಕೂ ಮೂಲ ಒಂದೇ. ಹಂಗೇರಿಯಲ್ಲಿ ಕೋಚ್ ಎಂಬ ಹಳ್ಳಿಯೊಂದಿದೆ. ಹದಿನೈದನೇ ಶತಮಾನದಲ್ಲಿ ಅಲ್ಲಿ ಕಟ್ಟುತ್ತಿದ್ದ ಕುದುರೆಗಾಡಿಗೆ ಯುರೋಪಿನಲ್ಲೆಲ್ಲ ಹೆಸರು ಬಂದು, ಕೊನೆಗೆ ಗಾಡಿಗೇ ಊರಿನ ಹೆಸರು ಅಂಟಿಕೊಂಡಿತು. 1830ರ ಸುಮಾರಿಗೆ ಆಕ್ಸ್‌ಫರ್ಡಿನ ಹುಡುಗರು, ತಮ್ಮನ್ನು ಪರೀಕ್ಷೆ ದಾಟಿಸುವ ಮೇಷ್ಟರನ್ನು ತಮಾಷೆಗೆ ‘ಗಾಡಿ’ ಎಂದರು. ಆ ಲೆಕ್ಕದಲ್ಲಿ ಶಿಡ್ಲಘಟ್ಟದ ಹಳೇ ಜಟಕಾ ಸಾಬರದೂ ನನ್ನದೂ ಒಂದೇ ಕಸುಬು. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಗಾಡಿ ಹತ್ತಿದವರು ಹೇಳಬೇಕು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಎರಡು ವರ್ಷ ಹಿಡಿಯಿತು.

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದವನು. ಗೌರಿಬಿದನೂರು ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ, ತಾಲ್ಲೂಕು ಕೇಂದ್ರದ ನ್ಯಾಷನಲ್ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಗುಮಾಸ್ತನಾಗಿ ಸೇರಿದೆ. ಆಮೇಲೆ ಫೀಲ್ಡ್ ಆಫೀಸರು, ಮ್ಯಾನೇಜರು ಅಂತ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಲ್ಲ ಕಡೆ ಕುರ್ಚಿ ಸವೆಸಿದ್ದೇನೆ. ಟೊಮೆಟೊ ಮಂಡಿಯವರು, ದ್ರಾಕ್ಷಿ ತೋಟದವರು, ಹೂವಿನವರು, ರೇಷ್ಮೆಯವರು, ಯಾರಿಗೆ ಸಾಲ ಕೊಟ್ಟರೂ ಜೊತೆಗೆ ಬುದ್ಧಿವಾದವನ್ನು ಪುಕ್ಕಟೆ ಕೊಟ್ಟವನು. ಸ್ವಯಂನಿವೃತ್ತಿ ತಗೊಂಡು ಕೋಚ್ ಆಗುತ್ತೇನೆ ಅಂದಾಗ ಹೆಂಡತಿ ಸೊಪ್ಪು ಸೋಸುತ್ತಾ, “ಮನೇಲಿ ನಿಮ್ಮ ಮಾತು ಯಾರೂ ಕೇಳಲ್ಲ ಅಂತ ಊರೋರಿಗೆ ಹೇಳೋಕೆ ಹೊರಟ್ರಾ?” ಅಂದಳು.

“ಹೇಳೋಕಲ್ಲ ಕಣೆ, ಕೇಳೋಕೆ” ಅಂದೆ. ಅವಳಿಗೆ ನಗು ಬಂತು. ಬಾಯಿತಪ್ಪಿ ಬಂದ ಆ ಮಾತು ಮಾತ್ರ ಆಮೇಲೆ ನನ್ನ ತಲೆಯಲ್ಲೇ ಉಳಿಯಿತು. ನಮ್ಮಲ್ಲಿ ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಮುಂದೆ ನಾನು ಸೇರಿದ ಇಂಗ್ಲಿಷ್ ತರಬೇತಿಯಲ್ಲಿ ಇವೆರಡನ್ನೂ ಬೇರೆ ಬೇರೆ ಪಾಠ ಮಾಡಿ, ಒಂದೊಂದಕ್ಕೂ ಹತ್ತು ಸ್ಲೈಡು ತೋರಿಸಿದರು. ನಮ್ಮಜ್ಜಿಗೆ ಒಂದೇ ಕ್ರಿಯಾಪದ ಸಾಕಾಗಿತ್ತು.

ಈ ಹುಚ್ಚು ಹಿಡಿದದ್ದಕ್ಕೆ ಕಾರಣ ಶಿಡ್ಲಘಟ್ಟದ ಒಬ್ಬ ರೀಲರ್, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವವರು. ಅದನ್ನು ಹೇಳಬೇಕಾದರೆ ಅವರ ವ್ಯಾಪಾರ ಸ್ವಲ್ಪ ಬಿಡಿಸಬೇಕು. ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹರಾಜು, ಈಗೆಲ್ಲ ಮೊಬೈಲಿನಲ್ಲೇ ಬಿಡ್ ಒತ್ತುವುದು. ಗೂಡಿಗೆ ದುಡ್ಡು ಕೈಯಲ್ಲೇ ಇರಬೇಕು. ನೂಲು ಮಾರಿದ ದುಡ್ಡು ಬರಲು ಕೆಲವೊಮ್ಮೆ ವಾರಗಟ್ಟಲೆ. ಗೂಡನ್ನು ಇಟ್ಟುಕೊಂಡು ಕೂರುವಂತಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಆಚೆ ಬಂದರೆ ಎಳೆ ಕಡಿದುಹೋಯಿತು. ಮಿಶ್ರತಳಿ ಗೂಡಾದರೆ ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು, ದ್ವಿತಳಿಯಾದರೆ ಆರು ಆರೂವರೆ ಸಾಕು. ಈ ಲೆಕ್ಕಕ್ಕೆ ರೀಲರ್‌ಗಳು ರೆಂಡಿಟ್ಟಾ ಅನ್ನುತ್ತಾರೆ. ಅರ್ಧ ಕಿಲೋ ಹೆಚ್ಚುಕಮ್ಮಿಯಾದರೂ ಆ ದಿನದ ಲಾಭ ಆವಿಯಲ್ಲಿ ಹೋಯಿತು.

ಈ ಭಾಯ್ ಕಾಟೇಜ್ ಬೇಸಿನ್ನಿನಲ್ಲಿ ನೂಲು ತೆಗೆಯುತ್ತಿದ್ದರು. ದಿನದ ವಹಿವಾಟಿಗೆ ಸಾಲ ಸಾಕು ಅಂತ ಬಂದವರನ್ನು ಕೂರಿಸಿಕೊಂಡು ನಾನು ಮಲ್ಟಿ ಎಂಡ್ ಯಂತ್ರದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಸಬ್ಸಿಡಿ ಇದೆ, ಗುಣಮಟ್ಟ ಇದೆ, ಮುಂದಿನ ಕಾಲ ಇದೇ. ಮ್ಯಾನೇಜರ್ ಸಾಬ್ ಹೇಳಿದ ಮೇಲೆ ಮುಗಿಯಿತಲ್ಲ, ಯಂತ್ರ ಬಂತು. ಅದಕ್ಕೆ ಒಂದೇ ಸಮನಾದ ಒಳ್ಳೆಯ ದ್ವಿತಳಿ ಗೂಡು ಬೇಕು. ಅವರ ಖಾಯಂ ಗಿರಾಕಿಗಳಿಗೆ ಬೇಕಾಗಿದ್ದದ್ದು ಮಿಶ್ರತಳಿಯ ದಪ್ಪ ನೂಲು. ಯಂತ್ರ ಅರ್ಧ ದಿನ ಸುಮ್ಮನೆ ನಿಲ್ಲತೊಡಗಿತು, ಕಂತು ಮಾತ್ರ ನಿಲ್ಲಲಿಲ್ಲ. ಸಲಹೆ ನನ್ನದು, ಕಂತು ಅವರದು. ವರ್ಷವಾದ ಮೇಲೆ ಒಂದು ದಿನ ಕೋಪವಿಲ್ಲದೆ ಅಂದರು: “ನನ್ನ ನೂಲು ಯಾರು ತಗೋತಾರೆ ಅಂತ ನೀವು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಸಾಬ್.” ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಕೋಚಿಂಗ್ ಎಂದರೆ ಇಷ್ಟೇ, ಆ ಒಂದು ಮಾತನ್ನು ಕೇಳುವುದು. ಕನ್ಸಲ್ಟೆಂಟ್ ಆದವರು ಲೆಕ್ಕ ನೋಡಿ ಹೀಗೆ ಮಾಡಿ ಅನ್ನುತ್ತಾರೆ. ತರಬೇತಿದಾರರು ಗೊತ್ತಿಲ್ಲದ್ದನ್ನು ಕಲಿಸುತ್ತಾರೆ. ಮನೋವೈದ್ಯರು ಕಾಯಿಲೆ ನೋಡುತ್ತಾರೆ. ಕೋಚ್‌ನ ಹತ್ತಿರ ಉತ್ತರವೇ ಇರುವುದಿಲ್ಲ. ಎದುರಿಗೆ ಕೂತವರಿಗೆ ತಮ್ಮ ವ್ಯಾಪಾರ, ಸಂಸಾರ ನನಗಿಂತ ಚೆನ್ನಾಗಿ ಗೊತ್ತು ಎಂದು ನಂಬಿ, ಅವರೇ ಯೋಚಿಸುವ ಹಾಗೆ ಕೇಳುತ್ತಾ ಹೋಗುವುದು, ತೀರ್ಮಾನ ಮಾಡಿದ ಮೇಲೆ ಅದನ್ನು ಮಾಡಿದರೋ ಇಲ್ಲವೋ ಅಂತ ಬಿಡದೆ ವಿಚಾರಿಸುವುದು. ಇದು ಆಟದ ಮೈದಾನದಿಂದ ಬಂದ ವಿದ್ಯೆ. ತಿಮೊಥಿ ಗಾಲ್ವೆ ಎಂಬ ಟೆನಿಸ್ ಕೋಚ್ 1974ರ ತಮ್ಮ ಪುಸ್ತಕದಲ್ಲಿ, ಆಟಗಾರನಿಗೆ ಹೇಳಿಕೊಡುವುದನ್ನು ಕಡಿಮೆ ಮಾಡಿ ಅವನು ಚೆಂಡನ್ನು ಗಮನಿಸುವಂತೆ ಮಾಡಿದರೆ ಆಟ ತಾನಾಗಿ ಸುಧಾರಿಸುತ್ತದೆ ಎಂದು ತೋರಿಸಿದರು. ಮೋಟಾರು ರೇಸಿನಿಂದ ಬಂದ ಜಾನ್ ವಿಟ್ಮೋರ್ ಅದನ್ನು ಕಂಪನಿಗಳ ಒಳಕ್ಕೆ ತಂದು 1992ರಲ್ಲಿ ಪುಸ್ತಕ ಬರೆದರು.

ಪಡುವಣದ ಸರಕು ಅಂತ ಮೂಗು ಮುರಿಯಬೇಕಾಗಿಲ್ಲ. ಇದರ ದೊಡ್ಡಪ್ಪನಂಥ ಪ್ರಯೋಗವೊಂದು ನಮ್ಮ ಪಕ್ಕದ ಆಂಧ್ರದ ಕಾಕಿನಾಡದಲ್ಲೇ ನಡೆದಿತ್ತು. 1964ರಲ್ಲಿ ಹಾರ್ವರ್ಡಿನ ಡೇವಿಡ್ ಮೆಕ್‌ಲೆಲಂಡ್ ಅಲ್ಲಿನ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿ ಸುಮಾರು ಹತ್ತು ದಿನ ಕೂರಿಸಿದರು. ಲೆಕ್ಕಪತ್ರ, ಯಂತ್ರ ಯಾವುದನ್ನೂ ಕಲಿಸಲಿಲ್ಲ. ನಿನಗೆ ಏನು ಸಾಧಿಸಬೇಕು, ಎಷ್ಟು ದೂರದ ಗುರಿ ಇಟ್ಟುಕೊಳ್ಳುತ್ತೀ, ಅಡ್ಡಿ ಏನು ಅಂತ ಯೋಚಿಸಲು ಬಿಟ್ಟರು, ಆಟ ಆಡಿಸಿದರು, ಕತೆ ಬರೆಸಿದರು. ಹೋಲಿಕೆಗೆ ತರಬೇತಿ ಇಲ್ಲದ ರಾಜಮಂಡ್ರಿಯವರನ್ನೂ ಇಟ್ಟುಕೊಂಡಿದ್ದರು. ಎರಡು ವರ್ಷ ಬಿಟ್ಟು ನೋಡಿದಾಗ ತರಬೇತಿ ಪಡೆದವರು ಹೊಸ ವ್ಯಾಪಾರ ಶುರುಮಾಡಿದ್ದೂ ಹೆಚ್ಚು, ಬಂಡವಾಳ ಹಾಕಿದ್ದೂ ಹೆಚ್ಚು. ನಮ್ಮ ಚಿಂತಾಮಣಿ ಪೇಟೆಯ ಅರ್ಧ ವ್ಯವಹಾರ ತೆಲುಗಿನಲ್ಲೇ ನಡೆಯುವುದು. ಆ ಕಾಕಿನಾಡದ ಸೇಠುಗಳು ನನಗೆ ಹೊರಗಿನವರು ಅನ್ನಿಸಲೇ ಇಲ್ಲ.

ಕರ್ನಾಟಕದಲ್ಲಂತೂ ಇದನ್ನು ಬೇರೆ ಹೆಸರಿನಲ್ಲಿ ಮಾಡುತ್ತಲೇ ಇದ್ದಾರೆ. 1982ರಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಅದೇ ಮಾದರಿಯಲ್ಲಿ ಈಗ ದೇಶದ ಜಿಲ್ಲೆ ಜಿಲ್ಲೆಯಲ್ಲೂ ಬ್ಯಾಂಕುಗಳು ಸ್ವಉದ್ಯೋಗ ತರಬೇತಿ ಸಂಸ್ಥೆ ನಡೆಸುತ್ತಿವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ನಾನು ಎಷ್ಟೋ ಹುಡುಗರನ್ನು ಅಲ್ಲಿಗೆ ಕಳಿಸಿದ್ದೇನೆ. ಅಲ್ಲಿ ಕಲಿಸುವ ಕೋಳಿ ಸಾಕಣೆ, ಮೊಬೈಲ್ ರಿಪೇರಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಮುಗಿದ ಮೇಲಿನ ಎರಡು ವರ್ಷ. ಫೋನ್ ಮಾಡುತ್ತಾರೆ, ಅಂಗಡಿಗೇ ಹೋಗಿ, ಏನಾಯ್ತು, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ವಿಚಾರಿಸುತ್ತಾರೆ. ಬೆಂಗಳೂರಿನ ಅವೇಕ್ ಸಂಸ್ಥೆಯ ಹೆಣ್ಣುಮಕ್ಕಳು 1983ರಿಂದ ಇದನ್ನೇ ಹೊಸ ಉದ್ಯಮಿ ಹೆಣ್ಣುಮಕ್ಕಳಿಗೆ ಮಾಡುತ್ತಿದ್ದಾರೆ. ಇವರಲ್ಲಿ ಯಾರೂ ತಮ್ಮನ್ನು ಕೋಚ್ ಅಂದುಕೊಂಡದ್ದು ನಾನು ಕೇಳಿಲ್ಲ.

ಇನ್ನು ನನ್ನ ಮೂರ್ಖತನಕ್ಕೆ ಬರೋಣ. ಶುರುವಿನಲ್ಲಿ ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ, ಬೆಂಗಳೂರಿನ ಒಂದು ಹೋಟೆಲಿನ ಎರಡು ದಿನದ ಶಿಬಿರಕ್ಕೆ ನಲವತ್ತು ಸಾವಿರ ಕಟ್ಟಿದೆ. ಎರಡು ದಿನವೂ ಜೋರು ಹಾಡು, ಚಪ್ಪಾಳೆ, ಪಕ್ಕದವರನ್ನು ತಬ್ಬಿಕೊಳ್ಳುವುದು. ಕೊನೆಗೆ ಚೌಕಟ್ಟು ಹಾಕಿದ ಸರ್ಟಿಫಿಕೇಟು, ಅದರ ಬೆನ್ನಿಗೇ ‘ಮುಂದಿನ ಹಂತ’ಕ್ಕೆ ಮೂರು ಲಕ್ಷದ ಅರ್ಜಿ. ಸಾಲದ ಅರ್ಜಿ ನೋಡಿ ಮೋಸ ಹಿಡಿಯುವುದರಲ್ಲೇ ಸರ್ವಿಸು ಕಳೆದ ನನಗೆ ಊಟದ ಸಾಲಿನಲ್ಲಿ ನಿಂತಾಗ ಜ್ಞಾನೋದಯವಾಯಿತು: ಇಲ್ಲಿ ಯಾರೂ ಯಾರಿಗೂ ಕೋಚಿಂಗ್ ಮಾಡುವುದು ಕಲಿಸುತ್ತಿಲ್ಲ, ಶಿಬಿರ ಮಾರುವುದನ್ನು ಕಲಿಸುತ್ತಿದ್ದಾರೆ. ಭಾರತದಲ್ಲಿ ಈ ಕಸುಬಿಗೆ ಲೈಸೆನ್ಸ್ ಎಂಬುದಿಲ್ಲ. ನಾಳೆ ನೀವೂ ಬೋರ್ಡು ಹಾಕಬಹುದು, ತಡೆಯುವವರಿಲ್ಲ. ಅದಕ್ಕೇ ಇಂಥ ಅಂಗಡಿಗಳು. ಶಿಬಿರಕ್ಕೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಹಾಕಿ ನೋಡಿ: ನಾನು ಕೋಚಿಂಗ್ ಮಾಡುವುದನ್ನು ಕೂತು ಕೇಳಿ ತಪ್ಪು ತೋರಿಸುವವರು ಯಾರು, ಎಷ್ಟು ಗಂಟೆ? ಹೆಸರೂ ಗಂಟೆಯೂ ಬಾಯಿಗೆ ಬರಲಿಲ್ಲ ಅಂದರೆ ಎದ್ದು ಬನ್ನಿ.

ಎರಡನೇ ಸಲ ಲೆಕ್ಕ ಹಾಕಿ ಹೆಜ್ಜೆ ಇಟ್ಟೆ. ಅಮೆರಿಕದಲ್ಲಿ 1995ರಲ್ಲಿ ಹುಟ್ಟಿದ ಐಸಿಎಫ್ ಎಂಬ ಸಂಸ್ಥೆ ಜಗತ್ತಿನ ಕೋಚ್‌ಗಳಿಗೆ ಮೂರು ಮೆಟ್ಟಿಲಿನ ಮಾನ್ಯತೆ ಕೊಡುತ್ತದೆ. ಸರ್ಕಾರದ್ದಲ್ಲ, ಕಡ್ಡಾಯವೂ ಅಲ್ಲ, ಆದರೆ ಕಂಪನಿಯವರು ಕೇಳುವುದು ಅದನ್ನೇ. ಮೊದಲ ಮೆಟ್ಟಿಲು ಎಸಿಸಿಗೆ 60 ಗಂಟೆ ಪಾಠ, ಹಿರಿಯ ಕೋಚ್ ಒಬ್ಬರ ಜೊತೆ ಕನಿಷ್ಠ ಮೂರು ತಿಂಗಳಲ್ಲಿ ಹರಡಿದ 10 ಗಂಟೆ, ನಾವೇ ಗಿರಾಕಿಗಳ ಜೊತೆ ಕೂತ 100 ಗಂಟೆ, ಕೊನೆಗೊಂದು ಪರೀಕ್ಷೆ. ಎರಡನೆಯದಕ್ಕೆ 500 ಗಂಟೆ, ಮೂರನೆಯದಕ್ಕೆ 2,500. ಪಾಠ ಆನ್‌ಲೈನಿನಲ್ಲಿ ಸಿಗುತ್ತದೆ, ಇಂಗ್ಲಿಷ್ ಬರಬೇಕು. ಗಿರಾಕಿಯ ಜೊತೆ ಮಾತ್ರ ಕನ್ನಡವೋ ತೆಲುಗೋ ಉರ್ದುವೋ, ಯಾವ ಭಾಷೆಯಾದರೂ ಗಂಟೆ ಗಂಟೆಯೇ.

ಆ ನೂರರಲ್ಲಿ ಒಂದು ಕೊಕ್ಕೆಯಿದೆ. ಎಪ್ಪತ್ತೈದು ಗಂಟೆಯಾದರೂ ದುಡ್ಡು ತಗೊಂಡು ಮಾಡಿದ್ದಾಗಿರಬೇಕು. ಸೂಲಿಬೆಲೆಯಿಂದ ಗುಡಿಬಂಡೆವರೆಗೆ ಪ್ರತಿ ಅರಳಿಕಟ್ಟೆಯಲ್ಲೂ ಉಚಿತ ಸಲಹೆ ಸಿಗುವ ಸೀಮೆಯಲ್ಲಿ, ಸಲಹೆಯನ್ನೂ ಕೊಡದವನಿಗೆ ದುಡ್ಡು ಯಾರು ಕೊಡುತ್ತಾರೆ? ಮೊದಲ ಎರಡು ತಿಂಗಳು ನಾನು ಬಾಯಿಬಿಟ್ಟು ಕೇಳಲೇ ಇಲ್ಲ. ಬ್ಯಾಂಕಿನಲ್ಲಿ ಕೋಟಿ ಮಾತಾಡಿದವನಿಗೆ ಐನೂರು ರೂಪಾಯಿ ಕೇಳಲು ಗಂಟಲು ಒಣಗುತ್ತಿತ್ತು. ನಂದಿ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಮೂರು ಸಲ ಬಂದು ಕೂತುಹೋದವರು, ನಾಲ್ಕನೇ ಸಲ ಒಂದು ಬಾಕ್ಸ್ ದಿಲ್‌ಖುಷ್ ತಂದಿಟ್ಟು, “ದುಡ್ಡು ಕೇಳೋಕೆ ನಿಮಗೆ ನಾಚಿಕೆ, ಕೊಡೋಕೆ ನನಗೆ ನಾಚಿಕೆ, ಇದು ತಗೊಳ್ಳಿ” ಅಂದರು. ಐಸಿಎಫ್ ನಿಯಮ ತೆಗೆದು ನೋಡಿದೆ. ವಸ್ತು ರೂಪದಲ್ಲಿ ಕೊಟ್ಟರೂ ಅದು ಸಂಭಾವನೆಯೇ. ನನ್ನ ಡೈರಿಯಲ್ಲಿ ‘ಪಾವತಿ: ದ್ರಾಕ್ಷಿ’ ಎಂದು ಒಂದು ಸಾಲು ಇವತ್ತಿಗೂ ಇದೆ.

ಆಮೇಲೆ ಐನೂರು ಅಂತ ಗೋಡೆಯ ಮೇಲೇ ಬರೆಸಿ ಹಾಕಿದೆ. ಒಂದು ಗಂಟೆಗೆ ಐನೂರು, ಆರು ಸಲ ಕೂರುವುದಕ್ಕೆ ಮೂರು ಸಾವಿರ, ಅರ್ಧ ಮೊದಲೇ. ಜನ ಇದನ್ನು ತಕ್ಷಣ ಅರ್ಥಮಾಡಿಕೊಂಡರು. “ಒಟ್ಟು ಎಷ್ಟು ಸಿಟಿಂಗ್ ಸಾರ್?” ಅನ್ನುತ್ತಾರೆ, ಹಲ್ಲಿನ ಡಾಕ್ಟರ ಹತ್ತಿರ ರೂಟ್ ಕೆನಾಲಿಗೆ ಕೇಳುವ ಹಾಗೆ. ವಿಚಿತ್ರ ಅಂದರೆ ಪುಕ್ಕಟೆ ಬಂದವರು ಹೇಳಿದ ಕೆಲಸ ಮಾಡದೆ ಬರುತ್ತಿದ್ದರು, ಕೆಲವರು ಬರುವುದನ್ನೇ ಮರೆಯುತ್ತಿದ್ದರು. ದುಡ್ಡು ಕೊಟ್ಟವರು ಐದು ನಿಮಿಷ ಮೊದಲೇ ಮೆಟ್ಟಿಲ ಹತ್ತಿರ ನಿಂತಿರುತ್ತಾರೆ.

ಒಂದು ಸಿಟಿಂಗ್ ಹೇಗಿರುತ್ತದೆ ಅಂತ ಹೇಳಿದರೆ ಅರ್ಥವಾದೀತು. ಚಿಂತಾಮಣಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಅಕ್ಕ, ಅವರ ಕೈಕೆಳಗೆ ಇಬ್ಬರು ಹುಡುಗಿಯರು. ಕೆಲಸ ಕೈತುಂಬ, ದುಡ್ಡು ಮಾತ್ರ ಕೈಯಲ್ಲಿ ನಿಲ್ಲದು. ಬಂದವರೇ, “ಇನ್ನೊಂದು ಅಂಗಡಿ ಹಾಕ್ಲಾ ಸಾರ್, ಬೇಡ್ವಾ, ನೀವೇ ಹೇಳಿ” ಅಂದರು. ಹಳೆಯ ಮ್ಯಾನೇಜರು ಗಂಟಲವರೆಗೆ ಬಂದ. ನುಂಗಿಕೊಂಡೆ.

ನಮಗೆ ಕಲಿಸುವ ಸರಳ ದಾರಿ ವಿಟ್ಮೋರ್ ಪುಸ್ತಕದಿಂದ ಪ್ರಸಿದ್ಧವಾದ ನಾಲ್ಕು ಹಂತದ್ದು: ಗುರಿ ಏನು, ಈಗ ಇರುವುದು ಎಲ್ಲಿ, ದಾರಿ ಯಾವುವು, ಅದರಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ. ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ನಿಮಗೇನು ಬೇಕು ಅನ್ನುವುದು. ಕನ್ನಡದಲ್ಲಿ ಹಾಗೇ ಕೇಳಿದರೆ ಅಂಗಡಿಯವರ ಮಾತಾಯಿತು. ಸ್ವಲ್ಪ ಮರ್ಯಾದೆ ಸೇರಿಸಿ ಏನಾಗಬೇಕಿತ್ತು ಅಂದರೆ ಇನ್ನೂ ಕೆಟ್ಟಿತು, ತಾಲ್ಲೂಕು ಕಚೇರಿಯ ಗುಮಾಸ್ತ ತಲೆಯೆತ್ತದೆ ಕೇಳುವ ಮಾತು ಅದು. ಎದುರಿಗಿರುವವರು ತಕ್ಷಣ ಚೀಲದಿಂದ ಆಧಾರ್ ಕಾರ್ಡ್ ತೆಗೆಯುತ್ತಾರೆ. ಒಂದು ವರ್ಷ ಒದ್ದಾಡಿ ನಾನು ಕಂಡುಕೊಂಡದ್ದು: “ಬರೋ ಯುಗಾದಿ ಹೊತ್ತಿಗೆ ಏನು ಬದಲಾಗಿದ್ರೆ, ಅಬ್ಬ ಸದ್ಯ, ಅನ್ಸುತ್ತೆ ಅಕ್ಕ?”

ಅವರು ತುಂಬ ಹೊತ್ತು ಸುಮ್ಮನಿದ್ದರು. ಕೆಳಗೆ ಜೆರಾಕ್ಸ್ ಯಂತ್ರ ಎಳೆಯುವ ಸದ್ದು. ಈ ಸುಮ್ಮನಿರುವುದೇ ಕಸುಬಿನ ಕಷ್ಟದ ಭಾಗ, ಮಾತು ತುಂಬಿಬಿಡೋಣ ಅಂತ ನಾಲಿಗೆ ಕಡಿಯುತ್ತದೆ. ಕೊನೆಗೆ, “ಶ್ರಾವಣದಲ್ಲಿ ರಾತ್ರಿ ಹತ್ತು ಗಂಟೆಗಾದ್ರೂ ಮಿಷನ್ನಿಂದ ಏಳಬೇಕು” ಅಂದರು. ಎರಡನೇ ಅಂಗಡಿಯ ಮಾತೇ ಇಲ್ಲ. ಮುಂದಿನ ಸಲ ಆರ್ಡರ್ ಪುಸ್ತಕ ತರಲು ಒಪ್ಪಿದರು. ನಾನು ಪುಸ್ತಕ ಮುಟ್ಟಲಿಲ್ಲ, ಅವರೇ ಹಾಳೆ ತಿರುವುತ್ತ ಹೋದರು. ಮಜೂರಿ ಬರೆಯುವ ಕಡೆ ಕೆಲವು ಸಾಲಿನಲ್ಲಿ ದುಡ್ಡಿನ ಬದಲು ‘ಮನೆ’ ಎಂದಿತ್ತು. ಅದೇನು ಅಂದೆ. ನಾದಿನಿ, ಓರಗಿತ್ತಿ, ಅವರ ತಂಗಿ, ಓನರ್ ಮನೆಯವರು, ಇವರಿಗೆಲ್ಲ ಮಜೂರಿ ಇಲ್ಲ. ಎಷ್ಟಿವೆ ಅಂದೆ. ಬೆರಳಿಟ್ಟು ಎಣಿಸಿದರು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಮೂರು ವಾರದಲ್ಲಿ ನಲವತ್ತೊಂದು. ಒಂದಕ್ಕೆ ಇನ್ನೂರೈವತ್ತರಂತೆ ಹತ್ತು ಸಾವಿರ ದಾಟಿತು. ಅವರು ತಲೆಯೆತ್ತಿ, “ಅಯ್ಯಯ್ಯೋ, ಇದೊಂದು ಅಂಗಡಿ ಆಗ್ಲೇ ನಡೀತಿದೆಯಲ್ಲ ಸಾರ್” ಅಂದರು.

ಇಲ್ಲ ಅನ್ನುವುದನ್ನು ಮೊದಲು ಯಾರಿಗೆ ಹೇಳಲು ಆದೀತು ಅಂತ ಕೇಳಿದೆ. ನಾದಿನಿಗೆ ಸಾಧ್ಯವೇ ಇಲ್ಲವಂತೆ. ಓನರ್ ಮನೆಯವರಿಗೆ ಹೇಳಬಹುದು, ಲೈನಿಂಗ್ ಬಟ್ಟೆಯ ದುಡ್ಡಾದರೂ ಕೇಳಬಹುದು. ಅಲ್ಲಿಂದಲೇ ಶುರುವಾಯಿತು. ನನ್ನನ್ನು ಕೇಳಿದ್ದರೆ ಎಲ್ಲರಿಗೂ ಮಜೂರಿ ಹಾಕಿ ಅನ್ನುತ್ತಿದ್ದೆ, ಅವರು ಮೂರು ದಿನ ಪಾಲಿಸಿ ನಾಲ್ಕನೇ ದಿನ ನಾದಿನಿಯ ಮುಂದೆ ಅಳುತ್ತಿದ್ದರು.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳಬೇಡಿ ಎಂದು ಜೀವನವಿಡೀ ಹೇಳಿದವರು. ಅವರು ಕಟ್ಟಿದ ಆ ನ್ಯಾಷನಲ್ ಕಾಲೇಜಿನಲ್ಲಿ ಓದಿದ ನನಗೆ ಪ್ರಶ್ನೆ ಎಂದರೆ ಎದುರಿನವರ ಮಾತನ್ನು ಒರೆಗೆ ಹಚ್ಚುವ ಕಲ್ಲು. ಕೋಚ್ ಆದ ಮೇಲೆ ಇನ್ನೊಂದು ಬಗೆಯ ಪ್ರಶ್ನೆ ಕಲಿಯಬೇಕಾಯಿತು, ಉತ್ತರ ನನಗೆ ಗೊತ್ತಿಲ್ಲದೆ, ಗೊತ್ತಿಲ್ಲ ಅನ್ನುವುದು ಮುಖದಲ್ಲೂ ಕಾಣುವಂತೆ ಕೇಳುವುದು. ‘ಹೀಗ್ಯಾಕೆ ಮಾಡಿದ್ರಿ’ ಅನ್ನುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಯಾಕೆ ಅಂದ ಕೂಡಲೇ ನಮ್ಮ ಜನ ಮೇಷ್ಟರ ಮುಂದೆ ನಿಂತ ಹುಡುಗರಾಗಿಬಿಡುತ್ತಾರೆ.

ಚಿಕ್ಕ ಊರಿನಲ್ಲಿ ದೊಡ್ಡ ತೊಂದರೆ ಗುಟ್ಟಿನದು. ಬೆಂಗಳೂರಿನಲ್ಲಿ ಕಾಫಿ ಅಂಗಡಿಯಲ್ಲಿ ಕೂತು ಕೋಚಿಂಗ್ ಮಾಡುತ್ತಾರಂತೆ. ಶಿಡ್ಲಘಟ್ಟದ ಹೋಟೆಲಿನಲ್ಲಿ ಮಾಜಿ ಮ್ಯಾನೇಜರ ಎದುರು ಯಾರಾದರೂ ಅರ್ಧ ಗಂಟೆ ಕೂತರೆ ಸಂಜೆಗೆ ಅವರ ಸಾಲ ಮುಳುಗಿದೆ ಅಂತ ಮಾರುಕಟ್ಟೆಯಲ್ಲಿ ಸುದ್ದಿ, ಮರುದಿನ ಅವರಿಗೆ ಉದ್ದರಿ ಹುಟ್ಟುವುದಿಲ್ಲ. ಮನೆಯಲ್ಲಿ ಕೂರಿಸಿದರೆ ಕುಕ್ಕರ್ ಕೂಗು, ನನ್ನ ಹೆಂಡತಿಗೆ ಅವರ ಸೋದರತ್ತೆಯ ಪರಿಚಯ. ಹಾಗಾಗಿ ಈ ರೂಮು. ಶಿಡ್ಲಘಟ್ಟದವರು ಡಿಸಿ ಆಫೀಸಿನ ಕೆಲಸ ಅಂತ ಹೇಳಿ ಚಿಕ್ಕಬಳ್ಳಾಪುರಕ್ಕೆ ಬರುತ್ತಾರೆ. ಚಿಕ್ಕಬಳ್ಳಾಪುರದವರು ಕೈವಾರಕ್ಕೆ ಹೋಗಿಬರುತ್ತೇವೆ ಅಂತ ಮನೆಯಲ್ಲಿ ಹೇಳಿ ಚಿಂತಾಮಣಿಯಲ್ಲಿ ಸಿಗುತ್ತಾರೆ. ಪಾಪಭೀತಿಯಿಂದ ಕೈವಾರಕ್ಕೂ ಹೋಗಿಬರುತ್ತಾರೆ. ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯ ನೀರು ಬಂದು ತುಂಬಿದ ಮೇಲೆ ಕಂದವಾರ ಕೆರೆಯ ಏರಿ ನನ್ನ ಎರಡನೇ ಕಚೇರಿ. ಬೆಳಿಗ್ಗೆ ಇಬ್ಬರು ವಾಕಿಂಗ್ ಮಾಡುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ, ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡದೆ ಮಾತಾಡಬಹುದು. ಗಂಡಸರು ಮನಸ್ಸು ಬಿಚ್ಚುವುದು ಅಲ್ಲೇ ಹೆಚ್ಚು.

ಗುಟ್ಟಿನ ಮಾತನ್ನು ನಾನು ಒಂದು ಪುಟದ ಕನ್ನಡ ಒಪ್ಪಂದದಲ್ಲಿ ಮೊದಲ ಸಾಲಿಗೇ ಹಾಕಿದ್ದೇನೆ. ಎರಡನೇ ಸಾಲು: ಸಾಲ ಕೊಡಿಸುವುದಿಲ್ಲ. ಮೂರನೆಯದು: ಷೇರು, ಚೀಟಿ, ಜಮೀನು ಯಾವುದರಲ್ಲಿ ದುಡ್ಡು ಹಾಕಬೇಕು ಅಂತ ಹೇಳುವುದಿಲ್ಲ. ಷೇರಿನ ಸಲಹೆ ಕೊಟ್ಟು ದುಡ್ಡು ತಗೊಳ್ಳಲು ಸೆಬಿ ನೋಂದಣಿ ಬೇಕು, ಅದು ನನ್ನಲ್ಲಿಲ್ಲ. ನಾಲ್ಕನೆಯದು: ನೆಂಟರಿಗೆ ಕೋಚಿಂಗ್ ಇಲ್ಲ. ಇದನ್ನು ನನ್ನ ಷಡ್ಡಕನ ಜೊತೆ ಎರಡು ಸಿಟಿಂಗ್ ಕೂತ ಮೇಲೆ ಸೇರಿಸಿದ್ದು, ವಿವರ ಬೇಡ.

ಕಾಗದಪತ್ರದ ಕೆಲಸ ಜನ ಹೆದರುವಷ್ಟಿಲ್ಲ. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ, ಅದಕ್ಕೆ ಎರಡು ಸಾವಿರ ಕೇಳುವವರು ದಲ್ಲಾಳಿಗಳು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿಯ ಗೊಡವೆಯಿಲ್ಲ. ಒಂದು ಬೇರೆ ಖಾತೆ, ಒಂದು ರಶೀದಿ ಪುಸ್ತಕ.

ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ಸಣ್ಣ ವಿಷಯವಲ್ಲ. ಒಬ್ಬರು ಎರಡನೇ ಸಿಟಿಂಗಿನಲ್ಲಿ ಅಂಗಡಿಯ ಸ್ಟಾಕಿನ ಬಗ್ಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ, “ನಿದ್ದೆ ಬಿಟ್ಟು ಮೂರು ತಿಂಗಳಾಯ್ತು ಸಾರ್. ನಾನಿಲ್ದಿದ್ರೆ ಮನೆಯೋರು ನೆಮ್ಮದಿಯಾಗಿರ್ತಾರೆ ಅನ್ಸುತ್ತೆ” ಅಂದರು. ಗುರಿ, ದಾರಿ ಎಲ್ಲ ಪಕ್ಕಕ್ಕಿಟ್ಟೆ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಎದೆಭಾರ ಇಳಿಯುತ್ತದೆ ಅಂತ ತರಬೇತಿಯಲ್ಲಿ ಕಲಿತಿದ್ದೆ. ಅಲ್ಲಿಂದಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿಸಿ, ಅವರು ಮಾತಾಡಿ ಮುಗಿಸುವವರೆಗೆ ಪಕ್ಕದಲ್ಲಿ ಕೂತು, ಅಣ್ಣನನ್ನು ಕರೆಸಿ, ಮಧ್ಯಾಹ್ನದ ಒಳಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಮುಂದೆ ಕೂರಿಸಿದೆವು. ಆ ನಂಬರು ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಗೋಡೆಯ ಮೇಲೆ ನನ್ನ ಐನೂರಿಗಿಂತ ದೊಡ್ಡ ಅಕ್ಷರದಲ್ಲಿದೆ. ಈ ಕಸುಬಿಗೆ ಬರುವ ಹುಡುಗರು ಮನಃಶಾಸ್ತ್ರದ ನಾಲ್ಕು ಪದ ಕಲಿತು ಥೆರಪಿ ಅನ್ನುವ ಬೋರ್ಡು ಹಾಕುವುದನ್ನು ಕಂಡರೆ ನನಗೆ ಭಯವಾಗುತ್ತದೆ. ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಓದಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು.

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯವರು ಆರು ಜನ ಸೂಪರ್‌ವೈಸರುಗಳಿಗೆ ಕೋಚಿಂಗ್ ಕೇಳಿದರು. ಎಲ್ಲ ನಿನ್ನೆಮೊನ್ನೆಯವರೆಗೆ ಯಂತ್ರದ ಮುಂದಿದ್ದ ಹುಡುಗರು, ಈಗ ಹಳೇ ಗೆಳೆಯರಿಗೇ ಕೆಲಸ ಹೇಳಬೇಕು. ದುಡ್ಡು ಕಂಪನಿಯದು, ಗುಟ್ಟು ಹುಡುಗರದು. ಮೂರನೇ ವಾರ ಎಚ್‌ಆರ್‌ನವರು ಟೀ ಕುಡಿಸುತ್ತಾ, “ಅವನು ಕೆಲಸ ಬಿಡ್ತಾನಾ ಸಾರ್, ಏನಾದ್ರೂ ಅಂದ್ನಾ?” ಅಂದರು. ಬಂದದ್ದು ಎಷ್ಟು ಸಲ ಅಂತ ಮಾತ್ರ ಹೇಳುತ್ತೇನೆ ಅಂತ ಮೊದಲೇ ಬರೆಸಿಕೊಂಡಿದ್ದೆ. ಆ ಹಾಳೆ ತೋರಿಸಿದೆ. ಮುಂದಿನ ವರ್ಷ ಅವರು ನನ್ನನ್ನು ಕರೆಯಲಿಲ್ಲ. ಒಳ್ಳೆಯ ದುಡ್ಡಿತ್ತು, ಸುಳ್ಳು ಹೇಳಬಾರದು.

ಸಂಪಾದನೆ ಎಷ್ಟು ಅಂತ ಎಲ್ಲರೂ ಕೊನೆಗೆ ಕೇಳುತ್ತಾರೆ. ನೂರು ಗಂಟೆ ಮುಟ್ಟಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಒಳ್ಳೆಯ ತಿಂಗಳಿನಲ್ಲಿ ಹದಿನೆಂಟು ಸಾವಿರ, ಆಷಾಢದಲ್ಲಿ ರೂಮಿನ ಬಾಡಿಗೆ ಹುಟ್ಟಿದರೆ ಪುಣ್ಯ. ಪೆನ್ಷನ್ ಇದೆ, ನಡೆಯುತ್ತದೆ. ಹೋದ ವಾರ ಬೆಂಗಳೂರಿನ ಕಂಪನಿಯಲ್ಲಿರುವ ಒಬ್ಬ ಹುಡುಗಿ, ಶಿಡ್ಲಘಟ್ಟದ ಕಡೆಯವಳು, ಕೆಲಸ ಬಿಟ್ಟು ಊರಿಗೆ ಬಂದು ಲೈಫ್ ಕೋಚ್ ಆಗಲಾ ಅಂಕಲ್ ಅಂತ ಕೇಳಿದಳು. ಉತ್ತರ ಬಾಯಿಗೆ ಬಂತು: ಬಿಡಬೇಡಮ್ಮ, ಶನಿವಾರ ಭಾನುವಾರ ಮೊದಲು ಮೂವತ್ತು ಗಂಟೆ ಮಾಡು, ದುಡ್ಡು ಕೊಟ್ಟು ಎರಡನೇ ಸಲ ಎಷ್ಟು ಜನ ಬರುತ್ತಾರೆ ನೋಡು. ಹೇಳಿಯೇಬಿಟ್ಟೆ. ಅವಳು ಗಿರಾಕಿಯಲ್ಲ, ಅಂಕಲ್ ಆಗಿ ಹೇಳಿದೆ ಅಂತ ಸಮಾಧಾನ ಮಾಡಿಕೊಂಡೆ.

ಕಳೆದ ತಿಂಗಳು ಮೆಟ್ಟಿಲ ಮೇಲೆ ಪರಿಚಯದ ಕೆಮ್ಮು ಕೇಳಿಸಿತು. ಮಲ್ಟಿ ಎಂಡ್ ಭಾಯ್. ಯಂತ್ರದ ಸಾಲ ತೀರಿಸಿ ಎರಡು ವರ್ಷವಾಗಿದೆ. ಮಗ ನೂಲು ಬಿಟ್ಟು ಬೇರೇನೋ ಮಾಡುತ್ತೇನೆ ಅನ್ನುತ್ತಿದ್ದಾನೆ, ಬೇಸಿನ್ನು ಇಟ್ಟುಕೊಳ್ಳುವುದೋ ಮಾರುವುದೋ ತಿಳಿಯದೆ ಬಂದಿದ್ದರು. ಕುರ್ಚಿ ಎಳೆದುಕೊಂಡು ಕೂತು, ಗೋಡೆಯ ಮೇಲಿನ ಬರಹ ಓದಿ, “ಈ ಸಲ ನೀವೇನೂ ಹೇಳಲ್ವಾ ಸಾಬ್?” ಅಂದರು.

“ಇಲ್ಲ ಭಾಯ್.”

“ಹೇಳಿದ್ದಕ್ಕೆ ದುಡ್ಡಿರಲಿಲ್ಲ. ಹೇಳದೆ ಇರೋಕೆ ಐನೂರು?” ಜೋರಾಗಿ ನಕ್ಕರು, ಆಮೇಲೆ ಕೆಮ್ಮಿದರು. ಒಂದು ಗಂಟೆ ಹತ್ತು ನಿಮಿಷ ಕೂತೆವು. ಅದರಲ್ಲಿ ನಾನು ಏಳೆಂಟು ಮಾತು ಆಡಿರಬಹುದು. ಎದ್ದವರು ಒಳಜೇಬಿನಿಂದ ನೋಟು ತೆಗೆದು, ಗೂಡಿನ ಮಾರುಕಟ್ಟೆಯಲ್ಲಿ ಎಣಿಸುವ ಹಾಗೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಎಣಿಸಿ ಮೇಜಿನ ಮೇಲಿಟ್ಟರು.

“ಮಂಗಳವಾರ ಗೂಡು ಜಾಸ್ತಿ ಬರುತ್ತೆ, ಆಗಲ್ಲ. ಬುಧವಾರ ಮಗನ್ನೂ ಕರ್ಕೊಂಡು ಬರ್ತೀನಿ. ಇಬ್ಬರಿಗೂ ಸೇರಿ ಐನೂರೇ ತಾನೆ?”